ರತ್ನವ್ವನ ಪುಡಿಯಲ್ಲಿ ಏನೇನಿದೆ

ಫೆಬ್ರುವರಿ ೩, ಸೋಮವಾರ

ಈ ವಹಿಯನ್ನು ತೆಗೆದವರು ಯಾರೇ ಇರಲಿ, ನಿಮಗೆ ಮನೆಯಲ್ಲಿ ಕೆಲಸವಿಲ್ಲವೇ? ಮಗ್ಗದ ಮೇಲೆ ಅರ್ಧ ಸೀರೆ ನಿಂತಿದೆ, ಬಚ್ಚಲಲ್ಲಿ ಮುಸುರೆ ಬಿದ್ದಿದೆ, ಮುದುಕಿಯ ಟ್ರಂಕಿಗೆ ಕೈ ಹಾಕಲು ಮಾತ್ರ ನಿಮಗೆ ಪುರಸೊತ್ತು. ಅಕ್ಷರ ಸೊಟ್ಟಗಿವೆ ಎಂದು ಹಲ್ಲು ಕಿಸಿಯಬೇಡಿ. ಬೇವೂರಿನ ಸಾಲೆಯಲ್ಲಿ ಮೂರನೇ ಇಯತ್ತೆ ಮುಗಿಸಿದವಳು ನಾನು. ನಾಲ್ಕನೆಯದಕ್ಕೆ ಹೋಗುವ ಹೊತ್ತಿಗೆ ತಮ್ಮ ಹುಟ್ಟಿದ, ನನ್ನನ್ನು ತೊಟ್ಟಿಲ ಹತ್ತಿರ ಕೂರಿಸಿದರು. ಆ ಮೂರು ಇಯತ್ತೆಯ ಮೇಲೆಯೇ ಇಷ್ಟು ಬರೆಯುತ್ತಿದ್ದೇನೆ. ನೀವು ಹದಿನೈದು ವರ್ಷ ಕಲಿತು ಫೋನಿನ ಮೇಲೆ ಹೆಬ್ಬೆಟ್ಟು ಆಡಿಸುತ್ತೀರಿ. ನಾಚಿಕೆ ಇದ್ದರೆ ವಹಿಯನ್ನು ಇದ್ದಲ್ಲಿ ಇಟ್ಟು ಹೋಗಿ.

ಇನ್ನು ನನ್ನ ಕೆಲಸ. ಮೊಮ್ಮಗಳು ಮಹಾನಂದಾಳ ಮುಖ ಕೆಟ್ಟಿದೆ. ನನ್ನ ಮಗ ಬಸವಂತನಿಗೆ ಒಬ್ಬಳೇ ಮಗಳು, ಇಳಕಲ್ಲಿನಿಂದ ದಿನಾ ಬಸ್ಸು ಹತ್ತಿ ಹುನಗುಂದಕ್ಕೆ ಹೋಗುತ್ತಾಳೆ, ಬಿ.ಎ. ಕೊನೆಯ ವರ್ಷ. ಎರಡು ತಿಂಗಳಿಂದ ಎರಡೂ ಕೆನ್ನೆಯ ಮೇಲೆ ಕಲೆ. ಮೊದಲು ತುರಿಕೆ ಬಂತು, ಆಮೇಲೆ ಕೆಂಪಾಯಿತು, ಈಗ ಹಂಚಿನ ಮಸಿ ಮೆತ್ತಿದ ಹಾಗೆ ಕಪ್ಪಿಡುತ್ತಿದೆ. ಬಸ್ಸಿನಲ್ಲಿ ಯಾರೋ ಏನೋ ಕೇಳಿದರಂತೆ, ಎಂಟು ದಿನದಿಂದ ಕಾಲೇಜಿಗೆ ಹೋಗಿಲ್ಲ. ಮಾರ್ಚಿನಲ್ಲಿ ಪರೀಕ್ಷೆ. ಈ ಮುಖ ಹೊತ್ತುಕೊಂಡು ಕೂರುವುದಿಲ್ಲ ಎನ್ನುತ್ತಾಳೆ. ಬಸವಂತ ಬುದ್ಧಿ ಹೇಳುವುದು ಬಿಟ್ಟು, ಬೇಡವಾದರೆ ಬಿಡು, ಮನೆಯಲ್ಲಿ ಕೊಂಡಿ ಕಟ್ಟುವವರು ಬೇಕಾಗಿಯೇ ಇದ್ದಾರೆ ಎಂದ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸುವ ಕೆಲಸ ಅದು. ಐವತ್ತು ವರ್ಷ ಮಾಡಿ ನನ್ನ ಬೆರಳು ಡೊಂಕಾಗಿವೆ. ಒಮ್ಮೆ ಈ ಹುಡುಗಿ ಅದಕ್ಕೆ ಕೂತಳೆಂದರೆ ಮತ್ತೆ ಏಳುವುದಿಲ್ಲ, ಅದು ನನಗೆ ಗೊತ್ತು.

ಶನಿವಾರ ಬಾಗಲಕೋಟೆಗೆ ಹೋಗಿ ಚರ್ಮದ ಡಾಕ್ಟರರಿಗೆ ತೋರಿಸಿದೆವು. ಹೆಣ್ಣುಮಗಳು, ಮಾತು ಕಡಿಮೆ. ಮುಲಾಮು ಬರೆದುಕೊಟ್ಟು, ಒಂದು ತಿಂಗಳು ಮುಖಕ್ಕೆ ಬರೀ ನೀರು, ಬೇರೇನೂ ಬೇಡ ಎಂದರು. ದಿನಾ ಮುಖಕ್ಕೆ ಏನು ತಾಗಿತು, ಮುಖ ಹೇಗಿತ್ತು, ಬರೆದುಕೊಂಡು ಮಾರ್ಚ್ ಒಂದಕ್ಕೆ ಬನ್ನಿ ಎಂದರು. ಹುಡುಗಿ ಬರೆಯಲಿಲ್ಲ, ಹಾಸಿಗೆ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಆದ್ದರಿಂದ ನಾನು ಬರೆಯುತ್ತೇನೆ. ಕಳ್ಳ ಯಾರೆಂದು ನನಗೆ ಗೊತ್ತೇ ಇದೆ. ಸಾಕ್ಷಿ ಬೇಕು, ಅಷ್ಟೇ.

ದೀಪಾವಳಿಯ ಹೊತ್ತಿಗೆ ಫೋನಿನಲ್ಲಿ ತರಿಸಿದ ಬಿಳಿ ಪುಡಿ. ಸಣ್ಣ ಡಬ್ಬಿ, ಮೇಲೆ ತೂತು. ಅಂಗೈಗೆ ಉದುರಿಸಿ ನೀರು ಹಾಕಿ ತಿಕ್ಕಿದರೆ ನೊರೆ ಬರುತ್ತದೆ, ಅದರಿಂದ ಮುಖ ತೊಳೆಯುವುದಂತೆ. ಹಿಟ್ಟು ಎಲ್ಲಾದರೂ ನೊರೆ ಕೊಟ್ಟೀತೇ? ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಇವತ್ತಿನಿಂದ ಅದು ಬಂದ್. ಚಳಿ ಶುರುವಾದಾಗಿನಿಂದ ವಾರಕ್ಕೊಮ್ಮೆ ನಮ್ಮ ಪುಡಿಯನ್ನೂ ಕಲಸಿ ಕೊಡುತ್ತಿದ್ದೆ. ಇನ್ನು ನಮ್ಮ ಮನೆಯ ಪುಡಿ ಮಾತ್ರ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಡಾಕ್ಟರು ಏನೂ ಹಚ್ಚಬೇಡಿ ಎಂದರಲ್ಲ ಎಂದಳು ಸೊಸೆ ಜಯಶ್ರೀ. ಹೆಸರುಹಿಟ್ಟು ಹಚ್ಚುವ ಸಾಮಾನಲ್ಲ, ಅದು ಅನ್ನ, ಎಂದೆ.

ಫೆಬ್ರುವರಿ ೪, ಮಂಗಳವಾರ

ನಮ್ಮ ಪುಡಿಯ ಬಗ್ಗೆ ಎರಡು ಮಾತು ಬರೆದಿಡುತ್ತೇನೆ, ಡಾಕ್ಟರು ಕೇಳಿದರೆ ಇರಲಿ. ಇದು ನನ್ನ ಅತ್ತೆ ಕಲಿಸಿದ್ದು. ಓಣಿಯ ಯಾವ ಮನೆಯಲ್ಲಿ ಮದುವೆ ಕುದುರಿದರೂ, ಹೋಗುವ ಮಗಳಿಗಾಗಲಿ ಬರುವ ಸೊಸೆಗಾಗಲಿ, ಐದು ದಿನ ಮೊದಲು ನಮ್ಮ ಮನೆಯಿಂದ ಒಂದು ಡಬ್ಬಿ ಪುಡಿ ಹೋಗಬೇಕು. ನೇಕಾರರ ಮನೆ, ಕುರುಬರ ಮನೆ ಎಂದಿಲ್ಲ, ಎಲ್ಲರಿಗೂ. ರತ್ನವ್ವನ ಪುಡಿ ಎಂದೇ ಅದಕ್ಕೆ ಹೆಸರು. ಇವತ್ತಿನವರೆಗೆ ಒಬ್ಬರ ಮುಖವೂ ಕೆಟ್ಟಿಲ್ಲ.

ಬೆಳಗ್ಗೆ ಕಲಸಿ ಕೊಟ್ಟೆ. ಉರಿಯುತ್ತದೆ ಎಂದು ಮುಖ ಹಿಂಡಿದಳು. ಉರಿದರೆ ಕೆಲಸ ಮಾಡುತ್ತಿದೆ ಎಂದು ತಿಳಿ, ಎಂದೆ. ಸಂಜೆಯೂ ಕೊಟ್ಟೆ.

ಫೆಬ್ರುವರಿ ೭, ಶುಕ್ರವಾರ

ಬಸ್ಸಿನ ಧೂಳಿಲ್ಲ, ಬಿಸಿಲಿಲ್ಲ, ಡಬ್ಬಿ ಅಟ್ಟದ ಮೇಲಿದೆ. ನಮ್ಮ ಪುಡಿ ದಿನಕ್ಕೆರಡು ಸಲ ತಪ್ಪದೆ ಹೋಗುತ್ತಿದೆ. ಮುಖ ಹಾಗೇ ಇದೆ, ಹಣೆಯ ಮೇಲೂ ಒಂದು ಕಲೆ ಎದ್ದಿದೆ. ಮೂರು ತಿಂಗಳ ವಿಷ ನಾಲ್ಕು ದಿನಕ್ಕೆ ಇಳಿದೀತೇ?

ಫೆಬ್ರುವರಿ ೯, ಭಾನುವಾರ

ಅಟ್ಟದಿಂದ ಡಬ್ಬಿ ಇಳಿಸಿ ಸೆರಗಿನಲ್ಲಿ ಮುಚ್ಚಿಕೊಂಡು ಅಮೀನಸಾಬರ ಮನೆಗೆ ಹೋದೆ. ನಮ್ಮ ಮಗ್ಗದ ನೂಲಿಗೆ ಬಣ್ಣ ಹಾಕಿಕೊಟ್ಟವರು ಅವರು, ನನ್ನ ಗಂಡ ಗೋವಿಂದಪ್ಪನ ಗೆಳೆಯರು. ಈಗ ಎಂಬತ್ತು ದಾಟಿದೆ, ಕೈ ಉಗುರಿನಲ್ಲಿ ನೀಲಿ ಇನ್ನೂ ಹೋಗಿಲ್ಲ. ಅವರ ಮೊಮ್ಮಗಳು ರೂಬಿ ಔಷಧದ ವಿದ್ಯೆ ಕಲಿತು ಹುನಗುಂದದ ಒಂದು ಮೆಡಿಕಲ್ ಅಂಗಡಿಯಲ್ಲಿದ್ದಾಳೆ. ಭಾನುವಾರ ಮನೆಯಲ್ಲಿ ಸಿಗುತ್ತಾಳೆ.

ಡಬ್ಬಿಯ ಬೆನ್ನಿಗೆ ಎಳ್ಳಿಗಿಂತ ಸಣ್ಣ ಅಕ್ಷರ, ಅದೂ ಇಂಗ್ಲಿಷು. ಇದರಲ್ಲಿ ವಿಷ ಯಾವುದು, ಬೆರಳಿಟ್ಟು ತೋರಿಸು ಎಂದೆ. ವಿಷ ಎಂದು ಯಾರೂ ಬರೆಯುವುದಿಲ್ಲ ಎಂದು ನಕ್ಕಳು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು:

"ಆಯಿ, ಇದಕ್ಕೊಂದು ಕಾಯ್ದೆ ಐತ್ರಿ. ಯಾವುದು ಹೆಚ್ಚು ಹಾಕ್ಯಾರೋ ಅದನ್ನ ಮೊದಲ ಬರೀಬೇಕು. ಕಡಿಮಿ ಇದ್ದದ್ದು ಕಡೀಕ."

ಅವಳು ಓದಿದಳು, ನಾನು ಬರೆದುಕೊಂಡೆ. ಎಲ್ಲಕ್ಕಿಂತ ಮೊದಲು ಮೆಕ್ಕೆಜೋಳದ ಗಂಜಿಹಿಟ್ಟು. ನಾವು ನೂಲಿಗೆ ಬಳಿಯುತ್ತೇವಲ್ಲ, ಅದರ ಬಳಗ. ಆಮೇಲೆ ಓಟ್ಸ್ ಎಂಬ ಧಾನ್ಯದ ಹಿಟ್ಟು. ಆಮೇಲೆ ಬಿಳಿ ಜೇಡಿಮಣ್ಣು, ಜಿಡ್ಡು ಹೀರಲು. ನಾಲ್ಕನೆಯದಕ್ಕೆ ಗೇಣುದ್ದದ ಹೆಸರು, ನನ್ನ ನಾಲಗೆಗೆ ಬರಲಿಲ್ಲ. ಕೊಬ್ಬರಿ ಎಣ್ಣೆಯಿಂದ ಮಾಡುತ್ತಾರಂತೆ, ನೊರೆ ಕೊಡುವುದು ಅದೇ. ಸಾಬೂನಿಗಿಂತ ಮೆತ್ತಗೆ ಎಂದಳು. ಆಮೇಲೆ ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆದ ಒಂದು ಪುಡಿ, ಸತ್ತ ಚರ್ಮ ಬಿಡಿಸಲು. ಜ್ಯೇಷ್ಠಮಧು ಚೂರು. ಲಿಂಬೆಯ ಹುಳಿ ಚೂರು. ಕಡೆಗೆ ಪರಿಮಳ.

ಪುಡಿ ಯಾಕೆ ಮಾಡಿದರು, ಎಣ್ಣೆಯ ಹಾಗೆ ಬಾಟಲಿಗೆ ತುಂಬಬಾರದಿತ್ತೇ ಎಂದು ಕೇಳಿದೆ. ನೀರು ಸೇರಿದರೆ ಕೆಡುತ್ತದೆ, ಕೆಡದ ಹಾಗೆ ಮತ್ತೊಂದು ಔಷಧ ಬೆರೆಸಬೇಕು, ಒಣಗಿದ್ದರೆ ಅದರ ಕಾಟ ಕಡಿಮೆ ಎಂದಳು. ನಾವು ಉಪ್ಪಿನಕಾಯಿಗೆ ಹಸಿ ಚಮಚ ಹಾಕಲು ಬಿಡುವುದಿಲ್ಲವಲ್ಲ, ಹಾಗೆ. ಇದು ನನ್ನ ತಲೆಗೆ ಹತ್ತಿತು.

ಪರಿಮಳ ಎಂದರೆ ಏನೇನು ಎಂದು ಹಿಡಿದೆ. ಆ ಒಂದು ಶಬ್ದದೊಳಗೆ ಇಪ್ಪತ್ತು ಸಾಮಾನು ಇರಬಹುದು, ಬಿಡಿಸಿ ಬರೆಯುವುದಿಲ್ಲ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ ಎಂದು ಒಪ್ಪಿಕೊಂಡಳು. ಸಿಕ್ಕಿತಲ್ಲ ಕಳ್ಳನ ಬಾಲ. ಮನೆಗೆ ಬರುವಾಗ ಮೊಣಕಾಲು ಕೂಡ ನೋಯಲಿಲ್ಲ.

ಹೊರಡುವಾಗ ರೂಬಿ ಒಂದು ಯುಕ್ತಿ ಹೇಳಿಕೊಟ್ಟಳು. ಎಡಮೊಣಕೈಯ ಒಳಮಡಿಕೆಗೆ ಡಬ್ಬಿಯ ಪುಡಿ, ಬಲಗೈಗೆ ನಮ್ಮ ಪುಡಿ, ಒಂದು ವಾರ ಹಚ್ಚಿ ತೊಳೆದು ನೋಡಬೇಕಂತೆ. ನಮ್ಮದನ್ನು ಯಾಕೆ ನೋಡಬೇಕು? ನಲವತ್ತು ವರ್ಷ ಓಣಿಯ ಮದುಮಕ್ಕಳು ನೋಡಿದ್ದಾರೆ.

ಫೆಬ್ರುವರಿ ೧೩, ಗುರುವಾರ

ನಾಲ್ಕು ದಿನ ನನ್ನ ಎಡಗೈಗೆ ಡಬ್ಬಿಯ ಪುಡಿ ಹಚ್ಚಿದೆ. ಪರಿಮಳವೂ ಸೇರಿಯೇ. ಏನೂ ಆಗಲಿಲ್ಲ. ಮುದುಕಿಯ ಚರ್ಮ, ಎಮ್ಮೆಯ ತೊಗಲು, ಏನಾದೀತು.

ಮೆಕ್ಕೆಜೋಳ, ಜ್ಯೇಷ್ಠಮಧು, ಲಿಂಬೆ. ಅರ್ಧ ಸಾಮಾನು ನನ್ನ ಅಡುಗೆಮನೆಯದೇ. ಓಟ್ಸ್ ಮಾತ್ರ ಗೊತ್ತಿರಲಿಲ್ಲ, ಜಯಶ್ರೀಯಿಂದ ಒಂದು ಪಾಕೀಟು ತರಿಸಿ ಬಾಯಿಗೆ ಹಾಕಿ ನೋಡಿದೆ. ತೌಡಿಗೂ ಗೋಧಿಗೂ ನಡುವೆ ಏನೋ. ಕೆಟ್ಟದ್ದಲ್ಲ.

ಮಹಾನಂದಾಳ ಮುಖ ಇವತ್ತು ಊದಿಕೊಂಡಿತ್ತು. ಎರಡು ಹೊತ್ತು ಪುಡಿ ಕೊಟ್ಟೆ. ಸಂಜೆ ಬಾಗಿಲು ಹಾಕಿಕೊಂಡಳು, ತಟ್ಟಿ ಕೊಡಬೇಕಾಯಿತು.

ಫೆಬ್ರುವರಿ ೧೪, ಶುಕ್ರವಾರ

ಹಾಲ್ ಟಿಕೆಟ್ ತರಲು ತಿಂಗಳ ಕೊನೆಯೇ ಗಡುವು ಎಂದು ಕಾಲೇಜಿನಿಂದ ಫೋನು. ಮಹಾನಂದಾ ಫೋನನ್ನು ತಂದೆಯ ಕೈಗೆ ಕೊಟ್ಟು ಒಳಗೆ ಹೋದಳು. ಬಸವಂತ, ನೋಡೋಣ್ರಿ ಸರ್ ಎಂದ. ಅವನ ನೋಡೋಣ ಎಂದರೆ ಇಲ್ಲ.

ಫೆಬ್ರುವರಿ ೧೬, ಭಾನುವಾರ

ಮತ್ತೆ ಅಮೀನಸಾಬರ ಮನೆ. ಪರಿಮಳದ ಮಾತು ಗಟ್ಟಿ ಮಾಡಿಕೊಂಡು ಬರೋಣವೆಂದು ಹೋದದ್ದು. ರೂಬಿ ಬೇರೆ ಹಾದಿ ಹಿಡಿದಳು. ಡಬ್ಬಿ ನಿಂತು ಹದಿಮೂರು ದಿನವಾದರೂ ಮುಖ ಹೆಚ್ಚುತ್ತಿದೆ ಎಂದರೆ, ಈಗ ಹಚ್ಚುತ್ತಿರುವುದನ್ನು ನೋಡಬೇಕಲ್ಲವೇ ಎಂದಳು. ನಿಮ್ಮ ಪುಡಿಯನ್ನೂ ಅದೇ ಕಾಯ್ದೆಯಂತೆ ಬರೆಯಿರಿ, ಹೆಚ್ಚಿದ್ದದ್ದು ಮೊದಲು, ಎಂದಳು.

ಬರೆಯಲು ನನಗೇನು ಭಯ? ಅಲ್ಲೇ ಹೇಳಿದೆ. ಹೆಸರುಹಿಟ್ಟು. ಕಡಲೆಹಿಟ್ಟು. ಕಿತ್ತಳೆ ಸಿಪ್ಪೆ ಒಣಗಿಸಿದ್ದು. ವಾಸನೆಗೆ ಕಚೋರದ ಗಡ್ಡೆ. ಗುಲಾಬಿ ಎಸಳು. ಅರಿಶಿನ.

ಯಾವ ಅರಿಶಿನ ಎಂದಳು. ಅತ್ತೆಯ ಕಾಲದಿಂದ ಕಸ್ತೂರಿ ಅರಿಶಿನ, ಮಹಾಕೂಟದ ಮೆಟ್ಟಿಲ ಹತ್ತಿರ ಬೇರು ಮಾರುವ ಮರೆವ್ವನಿಂದ ತಂದು ಮನೆಯಲ್ಲೇ ಕುಟ್ಟುವುದು. ಎರಡು ವರ್ಷದಿಂದ ಮಾತ್ರ ಸಂತೆಯ ಅರಿಶಿನ ಪುಡಿ. ಮೊಣಕಾಲು ಮಹಾಕೂಟಕ್ಕೆ ಬರುವುದಿಲ್ಲ ಎಂದದ್ದು ಒಂದು. ಕಸ್ತೂರಿ ಅರಿಶಿನ ಮುಖಕ್ಕೆ ಹಳದಿ ಹಿಡಿಯುವುದಿಲ್ಲ, ಫೋಟೋದಲ್ಲಿ ಮದುಮಗಳು ಬಿಳಿಚಿಕೊಂಡು ಕಾಣುತ್ತಾಳೆ ಎಂದು ಹೆತ್ತವರು ರಾಗ ತೆಗೆದದ್ದು ಇನ್ನೊಂದು. ಹಾಗೆಂದು ಕಣ್ಣು ಮುಚ್ಚಿ ತಂದವಳಲ್ಲ ನಾನು. ಮೂರು ಕಡೆಯ ಪುಡಿ ತಂದು ಮೂರು ಬಿಳಿ ಎಳೆ ಅದ್ದಿ, ತೊಳೆದು, ಮಾಳಿಗೆಯ ಬಿಸಿಲಿಗೆ ಹಾಕಿದ್ದೆ. ಎರಡರ ಬಣ್ಣ ಇಳಿಯಿತು, ಒಂದರದು ಅಲುಗಾಡಲಿಲ್ಲ. ಆ ಒಂದನ್ನೇ ಆರಿಸಿದೆ. ನೇಕಾರಳ ಕಣ್ಣು ಮೋಸ ಹೋಗುವುದಿಲ್ಲ ಎಂದು ಹೇಳಿದೆ.

ಗೋಡೆಗೆ ಒರಗಿ ಕೂತಿದ್ದ ಅಮೀನಸಾಬರು ನೀಲಿ ಉಗುರಿನ ಕೈ ಎತ್ತಿದರು. ಈಗ ಹೇಳಿದರು:

"ತಂಗಿ, ಅರವತ್ತು ವರ್ಷ ಬಣ್ಣ ಹಾಕೇನಿ. ಅರಿಶಿನ ಬಿಸಲಿಗಿ ನಿಂದ್ರೂದಿಲ್ಲ. ನಿಂತದ್ದು ಅರಿಶಿನ ಅಲ್ಲ."

ನೂಲಿಗೆ ಯಾವುದು ಗುಣವೋ ಮೋರೆಗೂ ಅದೇ ಗುಣವೇ ಎಂದು ಕೇಳಿದರು. ಅದೇನು ಬಣ್ಣ ಎಂದು ನಾನು ಜೋರು ಮಾಡಿದೆ. ನನಗೇನು ಗೊತ್ತು, ಬಟ್ಟೆಗೆ ಹಾಕುವ ಯಾವುದೋ ಹಳದಿ ಬೆರೆಸಿರುತ್ತಾರೆ, ನನ್ನ ಮಾತು ನಂಬಬೇಡ, ಎಳೆಯನ್ನು ನಂಬು ಎಂದರು.

ಚಹಾ ಕುಡಿಯದೆ ಬಂದೆ.

ಫೆಬ್ರುವರಿ ೧೭, ಸೋಮವಾರ

ಅರಿಶಿನ ಕೊಂಬು ತರಿಸಿ ಕುಟ್ಟಿ ಒಂದು ಎಳೆ ಅದ್ದಿದೆ. ಸಂತೆಯ ಪುಡಿಯಲ್ಲಿ ಒಂದು ಎಳೆ ಅದ್ದಿದೆ. ಎರಡನ್ನೂ ಮಾಳಿಗೆಯ ತಂತಿಗೆ ಕಟ್ಟಿದೆ. ಜಯಶ್ರೀ ಏನಿದು ಎಂದಳು. ಕಾಗೆ ಹೆದರಿಸಲು ಎಂದೆ.

ಇವತ್ತು ಹುಡುಗಿಗೆ ಪುಡಿ ಕೊಡಲಿಲ್ಲ. ಹೆಸರುಹಿಟ್ಟು ತೀರಿದೆ ಎಂದೆ. ಹಿಟ್ಟು ತೀರಿಲ್ಲ.

ಫೆಬ್ರುವರಿ ೧೮, ಮಂಗಳವಾರ

ಬರೀ ನೀರು.

ಫೆಬ್ರುವರಿ ೨೧, ಶುಕ್ರವಾರ

ಎಳೆ ಇಳಿಸಿದೆ. ಕೊಂಬಿನ ಎಳೆ ಹಳೆಯ ಧೋತರದ ಬಣ್ಣಕ್ಕೆ ಬಂದಿದೆ. ಸಂತೆಯದು ಹೋದ ಸೋಮವಾರ ಹೇಗಿತ್ತೋ ಹಾಗೇ ಇದೆ. ಸಾಬೂನು ಹಾಕಿ ತಿಕ್ಕಿದೆ. ಹೋಗಲಿಲ್ಲ.

ಎರಡು ವರ್ಷದ ಹಿಂದೆ ಇದೇ ತಂತಿಯ ಕೆಳಗೆ ನಿಂತು ಎಷ್ಟು ಹಿಗ್ಗಿದ್ದೆ.

ಆದರೂ ಎಳೆಯೇ ಬೇರೆ, ಚರ್ಮವೇ ಬೇರೆ. ಕೈಗೆ ಹಚ್ಚಿ ನೋಡದೆ ಒಪ್ಪಲಾರೆ. ಹಚ್ಚಲು ಕೂತಾಗ ತಿಳಿಯಿತು, ಗಂಡ ಹೋಗಿ ಆರು ವರ್ಷ, ಅಂದಿನಿಂದ ಅರಿಶಿನ ನನ್ನ ಮೈಗೆ ತಾಗಿಲ್ಲ. ನಮ್ಮಲ್ಲಿ ವಿಧವೆ ಹಚ್ಚಿಕೊಳ್ಳುವುದಿಲ್ಲ. ಕುಟ್ಟುವಾಗ, ಜರಡಿ ಹಿಡಿಯುವಾಗ, ಕಲಸುವಾಗ ಕೂಡ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಜಯಶ್ರೀಯಿಂದಲೇ ಡಬ್ಬಿ ತುಂಬಿಸುತ್ತಿದ್ದೆ. ಅಂದರೆ ಈ ಹೊಸ ಪುಡಿ ಹೇಗಿದೆ ಎಂದು ಮಾಡಿದವಳಿಗೇ ಗೊತ್ತಿಲ್ಲ. ಎರಡು ವರ್ಷ ಊರಿಗೆಲ್ಲ ಬಡಿಸಿದವಳು ಒಂದು ತುತ್ತು ರುಚಿ ನೋಡಿಲ್ಲ.

ಬಾಗಿಲು ಮುಚ್ಚಿ ಬಲಮೊಣಕೈಗೆ ಹಚ್ಚಿಕೊಂಡೆ. ಗೋವಿಂದಪ್ಪನ ಫೋಟೋ ಎದುರಿಗಿತ್ತು. ಏನಾದರೂ ಅಂದುಕೊಳ್ಳಲಿ.

ಫೆಬ್ರುವರಿ ೨೩, ಭಾನುವಾರ

ದಿನಕ್ಕೆರಡು ಸಲ, ಹುಡುಗಿಗೆ ಕೊಟ್ಟ ಹಾಗೆಯೇ. ಬೆಳಗ್ಗೆಯಿಂದ ತುರಿಕೆ. ಸಂಜೆಗೆ ಕೆಂಪು ಗುಳ್ಳೆ. ಉರಿಯುತ್ತದೆ, ಖಾರ ಅರೆದ ಕೈಯ ಹಾಗೆ.

ಫೆಬ್ರುವರಿ ೨೪, ಸೋಮವಾರ

ಮಹಾನಂದಾಳ ಹತ್ತಿರ ಹೋಗಿ ಹಾಸಿಗೆಯ ತುದಿಗೆ ಕೂತು ತೋಳು ತೋರಿಸಿದೆ. ಡಬ್ಬಿಯದಲ್ಲ, ನಮ್ಮದು, ಸಂತೆಯ ಅರಿಶಿನ, ಎಂದೆ. ಅವಳು ತೋಳು ಹಿಡಿದು ಬಹಳ ಹೊತ್ತು ನೋಡಿದಳು. ಕೂಗುತ್ತಾಳೆ ಅಂದುಕೊಂಡಿದ್ದೆ. ಮೆಲ್ಲಗೆ ಕೇಳಿದಳು:

"ಆಯಿ, ಉರಿತೈತಿ ಅಂತ ನಾ ಎಷ್ಟ ಸಲ ಅಂದೆ. ಒಂದ ಸಲನರ ಎಲ್ಲಿ ಉರಿತೈತಿ ಅಂತ ಕೇಳಿದೇನು ನೀ?"

ಕೇಳಿರಲಿಲ್ಲ. ಡಬ್ಬಿಯ ಪುಡಿಯನ್ನು ಕೇಳಲು ಎರಡು ಭಾನುವಾರ ನಡೆದುಕೊಂಡು ಹೋಗಿದ್ದೆ.

ಅವಳು ತನ್ನ ಮುಲಾಮನ್ನೇ ತಂದು ನನ್ನ ತೋಳಿಗೆ ಸವರಿದಳು.

ಫೆಬ್ರುವರಿ ೨೬, ಬುಧವಾರ, ಶಿವರಾತ್ರಿ

ಇದ್ದ ಪುಡಿಯನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕಸದ ಗಾಡಿಗೆ ಹಾಕಿಸಿದೆ. ಉಪವಾಸ, ತಲೆ ಹಗುರವಾಗಿತ್ತು, ಓಣಿ ಹಿಡಿದು ನಡೆದೆ. ಎರಡು ವರ್ಷದಲ್ಲಿ ಒಂಬತ್ತು ಮನೆಗೆ ಡಬ್ಬಿ ಹೋಗಿದೆ. ಎಂಟು ಇಲ್ಲಿಯವೇ.

ರಾಮವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಸೊಸೆಗೆ ಮದುವೆಯ ಮೇಲೆ ಗಲ್ಲ ತುರಿಸಿತ್ತಂತೆ, ರತ್ನವ್ವನ ಪುಡಿ ಎಂದ ಮೇಲೆ ಯಾರಿಗೆ ಹೇಳುವುದು ಎಂದು ಬಾಯಿ ಮುಚ್ಚಿಕೊಂಡು ಬಿಟ್ಟಿದ್ದರಂತೆ. ನನ್ನನ್ನು ಒಳಗೆ ಕರೆಯದೆ ನಿಲ್ಲಿಸಿಯೇ ಮಾತಾಡಿದಳು:

"ನಲವತ್ತು ವರ್ಷ ನಮಗ ಬುದ್ಧಿ ಹೇಳಿದಿ. ಇವತ್ತ ಶಿವರಾತ್ರಿ ಉಪಾಸ ನಿನ್ನ ನಾಲಗಿಗೂ ಇರಲಿ ಬಿಡು."

ಇರಲಿ ಎಂದೆ. ಮುಂದಿನ ಮನೆಗೆ ಹೋದೆ. ಎರಡು ಮನೆಯಲ್ಲಿ ನಕ್ಕರು. ಒಂದು ಮನೆಯಲ್ಲಿ ಡಬ್ಬಿಯನ್ನು ನನ್ನೆದುರೇ ತಿಪ್ಪೆಗೆ ಎಸೆದರು. ಉಳಿದವರಿಗೆ ನೆನಪೇ ಇರಲಿಲ್ಲ, ಮದುವೆಯ ಐದು ದಿನ ಹಚ್ಚಿ ಬಿಟ್ಟಿದ್ದರು. ಪ್ರತಿ ಮನೆಯಲ್ಲೂ ಹುಡುಗಿಯನ್ನೇ ಕರೆಸಿ ಕೇಳಿದೆ, ಅತ್ತೆಯಂದಿರನ್ನಲ್ಲ.

ಒಂಬತ್ತನೆಯದು ಬೋರವ್ವನ ಮಗಳು ಭಾಗ್ಯಾ. ಬೀರಪ್ಪನ ಒಕ್ಕಲು, ಕುರುಬರು, ನಮ್ಮ ಹಿಂದಿನ ಓಣಿ. ಹತ್ತನೆಯದು ಮುಗಿಸಿ ಎರಡು ವರ್ಷ ನಮ್ಮಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತಿ, ಅದರ ಲೆಕ್ಕವನ್ನೂ ಬರೆದವಳು. ಹೋದ ವರ್ಷ ಪಟ್ಟದಕಲ್ಲಿಗೆ ಕೊಟ್ಟರು, ಗುಡಿ ನೋಡಲು ಬರುವವರಿಗೆ ತಂಪು ಪಾನೀಯ ಮಾರುವ ಅಂಗಡಿ ಅವರದು. ಅವಳಿಗೆ ನಾನು ಕೊಟ್ಟದ್ದು ಒಂದಲ್ಲ, ಎರಡು ಡಬ್ಬಿ. ಬೋರವ್ವ ಅಲ್ಲೇ ಫೋನು ಹಚ್ಚಿದಳು. ಆರಾಮ ಅದೇನಿ ಎಂದಳು ಭಾಗ್ಯಾ, ಹಿಂದೆ ಯಾರೋ ಕರೆದರು, ಇಟ್ಟುಬಿಟ್ಟಳು. ಸಂಕ್ರಾಂತಿಗೆ ಕರೆದರೂ ಬಂದಿರಲಿಲ್ಲ ಎಂದಳು ಬೋರವ್ವ, ಅಂಗಡಿ ಕೆಲಸವಿರಬೇಕು ಎಂದಳು.

ಫೆಬ್ರುವರಿ ೨೮, ಶುಕ್ರವಾರ

ಹಾಲ್ ಟಿಕೆಟಿಗೆ ಇವತ್ತೇ ಕೊನೆ. ಬೆಳಗ್ಗೆ ಬಸವಂತ 'ನೋಡೋಣ' ಎನ್ನುವ ಮೊದಲೇ ನಾನು ಕೊಂಡಿ ಕಟ್ಟಲು ಕೂತೆ. ಕಣ್ಣು ಕಾಣುವುದಿಲ್ಲ, ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡೆ. ಯಾಕವ್ವ ಎಂದ. ಕಟ್ಟುವವರು ಬೇಕಾಗಿದ್ದಾರೆ ಎಂದಿಯಲ್ಲ, ಸಿಕ್ಕರು, ಹುಡುಗಿಯನ್ನು ಬಿಡು ಎಂದೆ. ಅವನು ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಗಾಡಿ ಚಾಲೂ ಆದ ಸದ್ದು ಕೇಳಿತು. ತಾನೇ ಹುನಗುಂದಕ್ಕೆ ಕರೆದುಕೊಂಡು ಹೋದ. ಹುಡುಗಿ ಮುಖಕ್ಕೆ ಓಢಣಿ ಸುತ್ತಿದ್ದಳು. ಸುತ್ತಿಕೊಳ್ಳಲಿ, ಹೋದಳಲ್ಲ.

ಮಧ್ಯಾಹ್ನದವರೆಗೆ ಇನ್ನೂರು ಎಳೆಯೂ ಆಗಲಿಲ್ಲ. ಜಯಶ್ರೀ ಬಂದು ಪಕ್ಕದಲ್ಲಿ ಕೂತು, ನೀವು ಎಳೆ ಎತ್ತಿ ಕೊಡಿ, ನಾನು ಸಿಕ್ಕಿಸುತ್ತೇನೆ ಎಂದಳು. ಎತ್ತಿ ಕೊಟ್ಟೆ.

ಮಾರ್ಚ್ ೧, ಶನಿವಾರ

ಬಾಗಲಕೋಟೆ. ಡಾಕ್ಟರು ಈ ವಹಿಯನ್ನೇ ಕೇಳಿದರು. ಕೊಟ್ಟೆ, ಏನು ಮಾಡಲಿ. ಡಬ್ಬಿಯ ಮೇಲೆ ಸಾಕ್ಷಿ ಹೇಳಲು ಶುರು ಮಾಡಿದ ವಹಿ. ಮೊದಲ ಪುಟದಲ್ಲಿ ಬೈದದ್ದನ್ನು ಓದಿ ಬಾಯಿಗೆ ಕೈ ಅಡ್ಡ ಹಿಡಿದರು. 'ನಮ್ಮ ಮನೆಯ ಪುಡಿ ಮಾತ್ರ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ' ಎಂಬಲ್ಲಿ ನಿಂತು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮುಂದೆ ಓದಿರಿ ಎಂದೆ.

ಓದಿ ಮುಗಿಸಿ ನನ್ನ ತೋಳನ್ನೂ ನೋಡಿದರು. ಬಟ್ಟೆಯ ಬಣ್ಣ ಹೀಗೆ ಮಾಡುತ್ತದೆ, ಎಷ್ಟೋ ಸಲ ನೋಡಿದ್ದೇನೆ ಎಂದರು. ತುರಿಕೆ ನಿಂತಿದೆ, ಊತ ಇಳಿದಿದೆ. ಕಲೆಗೆ ಮಾತ್ರ ಆರು ತಿಂಗಳು, ವರ್ಷ ಬೇಕು, ಪೂರ್ತಿ ಹೋಗದೆಯೂ ಇರಬಹುದು. ಇದನ್ನು ಅವರು ಹುಡುಗಿಯ ಮುಂದೆಯೇ ಹೇಳಿದರು. ಅವಳು ತಲೆ ಆಡಿಸಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಮಾರ್ಚ್ ೧೨, ಬುಧವಾರ

ಪರೀಕ್ಷೆ ಶುರುವಾಗಿದೆ. ಇವತ್ತು ಎರಡನೆಯದು. ಬಿಸಿಲಿಗೆಂದು ಛತ್ರಿ ಹಿಡಿದುಕೊಂಡು ಹೋದಳು, ಓಢಣಿಯನ್ನು ಹೆಗಲ ಮೇಲೆ ಹಾಕಿಕೊಂಡು. ಬಸ್ಸಿನಲ್ಲಿ ಯಾರಾದರೂ ಕೇಳಿದರೇ ಎಂದೆ. ಕೇಳಿದರು, ಅಜ್ಜಿಯ ಪುಡಿ ಎಂದೆ, ಅಂದಳು. ಊರಿಗೆಲ್ಲ ಸಾರು ಎಂದೆ. ನೀನೇ ಸಾರಿದ್ದೀಯಲ್ಲ ಎಂದಳು.

ಡಾಕ್ಟರು ಕಲೆ ಇಳಿಯುವವರೆಗೆ ಏನೂ ಬೇಡ ಎಂದಿದ್ದಾರೆ, ಬಿಳಿ ಪುಡಿಯ ಡಬ್ಬಿ ಹಾಗೇ ಬಿದ್ದಿದೆ. ಕೆಡುತ್ತದಲ್ಲ ಎಂದು ನಾನು ದಿನಾ ಸಂಜೆ ಅದರಿಂದ ಮುಖ ತೊಳೆಯುತ್ತಿದ್ದೇನೆ. ಹಾಳು ಮಾಡಬಾರದು ಎಂದು, ಅಷ್ಟೇ. ಅಂಗಡಿಯವನು ಇವತ್ತು ಹೊಸ ಖಾರದ ಪುಡಿ ತೋರಿಸಿದ. ಒಳಗೆ ಏನೇನಿದೆ, ಹೆಚ್ಚಿದ್ದದ್ದು ಮೊದಲು ಹೇಳು ಎಂದೆ. ಬೇರೆ ಗಿರಾಕಿಯ ಕಡೆ ತಿರುಗಿದ.

ಮಾರ್ಚ್ ೧೬, ಭಾನುವಾರ

ಭಾಗ್ಯಾಳಿಗೆ ಬೋರವ್ವ ಮತ್ತೆರಡು ಸಲ ಫೋನು ಮಾಡಿದಳು. ಎರಡು ಸಲವೂ ಆರಾಮ. ಫೋನಿನಲ್ಲಿ ಎಲ್ಲರೂ ಆರಾಮವೇ ಇರುತ್ತಾರೆ. ನಾನು ಹೋಗಿ ಕೂತರೂ ಅತ್ತೆಯ ಮುಂದೆ ಅವಳು ಏನು ಹೇಳಿಯಾಳು? ಬೋರವ್ವ ಬುಧವಾರ ಪಟ್ಟದಕಲ್ಲಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಕಾಗದ ಕೊಡುತ್ತೇನೆ, ಸೀರೆಯ ಗಂಟಿನೊಳಗೆ ಇಟ್ಟು. ಮಹಾನಂದಾ ಬರೆದುಕೊಡುತ್ತೇನೆ ಎಂದಳು. ಇದನ್ನು ನನ್ನ ಕೈಯಿಂದಲೇ ಬರೆಯಬೇಕು ಎಂದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ತಪ್ಪಾದರೆ ಇಲ್ಲೇ ಹೊಡೆದುಹಾಕಬಹುದು.

ಭಾಗ್ಯಾ, ನಿನಗೆ ಮದುವೆಯಲ್ಲಿ ನಾನು ಎರಡು ಡಬ್ಬಿ ಪುಡಿ ಕೊಟ್ಟಿದ್ದೆ. ಅದರಲ್ಲಿ ಏನಿತ್ತು ಎಂದು ಆಗ ಹೇಳಲಿಲ್ಲ, ಈಗ ಹೇಳುತ್ತೇನೆ. ಹೆಸರುಹಿಟ್ಟು, ಕಡಲೆಹಿಟ್ಟು, ಕಿತ್ತಳೆ ಸಿಪ್ಪೆ, ಕಚೋರ, ಗುಲಾಬಿ. ಎಲ್ಲಕ್ಕಿಂತ ಕಡಿಮೆ ಹಾಕಿದ್ದು ಅರಿಶಿನ, ಅದು ಅರಿಶಿನ ಆಗಿರಲಿಲ್ಲ. ಬಟ್ಟೆಯ ಬಣ್ಣ ಬೆರೆಸಿದ ಪುಡಿ. ಆರಿಸಿ ತಂದವಳು ನಾನೇ, ಬೇರೆ ಯಾರದೂ ತಪ್ಪಿಲ್ಲ. ಮಹಾನಂದಾಳ ಮುಖ ಅದರಿಂದ ಕೆಟ್ಟಿತು. ಉಳಿದಿದ್ದರೆ ಇವತ್ತೇ ಎಸೆದುಬಿಡು, ಯಾರಿಗೂ ಕೊಡಬೇಡ. ಅತ್ತೆ ಕೇಳಿದರೆ ಈ ಕಾಗದ ತೋರಿಸು, ಬೈಯುವುದಿದ್ದರೆ ನನ್ನನ್ನು ಬೈಯಲಿ, ನನಗೆ ಈಗ ರೂಢಿಯಾಗಿದೆ.

ನಿನ್ನ ಮುಖದ ಮೇಲೆ ಕಲೆ ಇದ್ದರೆ ಅದು ನಿನ್ನ ದೋಷವಲ್ಲ, ಮುಚ್ಚಿಕೊಂಡು ಅಂಗಡಿಯ ಹಿಂದೆ ಕೂರಬೇಡ. ಬಾಗಲಕೋಟೆಯಲ್ಲಿ ಡಾಕ್ಟರಿದ್ದಾರೆ, ನಾನು ಬಂದು ಕರೆದುಕೊಂಡು ಹೋಗುತ್ತೇನೆ, ಮಹಾನಂದಾ ಜೊತೆಗೆ ಬರುತ್ತಾಳೆ. ಆರಾಮ ಅದೇನಿ ಎಂದು ಮಾತ್ರ ಬರೆಯಬೇಡ. ಎಲ್ಲಿ ಉರಿಯುತ್ತದೆ, ಎಂದಿನಿಂದ, ಕೆನ್ನೆಯೋ ಹಣೆಯೋ ಕೊರಳೋ, ಇದ್ದದ್ದು ಇದ್ದ ಹಾಗೆ ಬರೆ. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದು ಬರೆ, ಆದರೆ ನಿನ್ನ ಕೈಬರಹವೇ ಇರಬೇಕು, ನನಗೆ ಗುರುತಿದೆ. ಹತ್ತನೆಯ ಇಯತ್ತೆ ಪಾಸಾದವಳು, ಮೂರನೆಯ ಇಯತ್ತೆಯವಳಿಗೆ ನಾಲ್ಕು ಸಾಲು ಬರೆಯಲು ಕಷ್ಟವಾಗಬಾರದು. ನಿನ್ನ ಅವ್ವ ಅಲ್ಲಿಂದ ಹೊರಡುವಾಗ ಕೊಟ್ಟು ಕಳಿಸು, ಆಗದಿದ್ದರೆ ಅಂಚೆಗೆ ಹಾಕು. ಏಪ್ರಿಲ್ ಹುಟ್ಟುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.